27 ಅಡಿ ಹಾಯಿದೋಣಿಗೆ ಡೀಸೆಲ್ ಏರ್ ಹೀಟರ್: ಹೊಗೆ ಕೊಳವೆಯ ದಾರಿ ಮೊದಲು, ಹೀಟರ್ ಆಮೇಲೆ

ನೀವು ಕೇಳಿರುವುದು ಮೂರು ಪ್ರಶ್ನೆ: 27 ಅಡಿ ದೋಣಿಗೆ, ಡೀಸೆಲ್ ಸುಟ್ಟು ಕ್ಯಾಬಿನ್ನಿಗೆ ಬಿಸಿಗಾಳಿ ಊದುವ ಹೀಟರ್ 2 ಕಿಲೋವ್ಯಾಟಿನದು ಸಾಕೇ ಅಥವಾ 5 ಬೇಕೇ, ಟ್ರಕ್ಕಿಗೆಂದು ಮಾರುವ ಕಿಟ್ಟನ್ನೇ ಹಾಕಬಹುದೇ, ನಾವೇ ಕೂರಿಸಿಕೊಳ್ಳಬಹುದೇ. 2 ಸಾಕು. ಕಿಟ್ಟಿನ ಹೀಟರ್ ನಡೆಯುತ್ತದೆ, ಆದರೆ ಅದರ ಜೊತೆ ಬರುವ ಹೊಗೆ ಕೊಳವೆ ಮತ್ತು ಸೈಲೆನ್ಸರ್ ದೋಣಿಯೊಳಕ್ಕೆ ಬೇಡವೇ ಬೇಡ. ಡ್ರಿಲ್ಲು, ಮಲ್ಟಿಮೀಟರ್ ಹಿಡಿದು ಅಭ್ಯಾಸವಿದ್ದರೆ ನೀವೇ ಮಾಡಬಹುದು.

ಮೊದಲು ಅಳತೆಯ ವಿಷಯ. ಇಷ್ಟು ಚಿಕ್ಕ ಕ್ಯಾಬಿನ್ನಿಗೆ 5 ಕಿಲೋವ್ಯಾಟ್ ಹಾಕಿದರೆ ಹತ್ತೇ ನಿಮಿಷಕ್ಕೆ ಬಿಸಿಯಾಗುತ್ತದೆ, ಆಮೇಲೆ ಇಡೀ ರಾತ್ರಿ ಅತಿ ಕಡಿಮೆ ಉರಿಯಲ್ಲೇ ಓಡುತ್ತದೆ. ಆಗ ಉರಿಯುವ ಕೋಣೆ ಬೇಕಾದಷ್ಟು ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟಿಕೊಳ್ಳುತ್ತದೆ. ವೆಬಾಸ್ಟೊ ಏರ್ ಟಾಪ್ 2000, ಎಬರ್‌ಸ್ಪೇಷರ್ ಏರ್‌ಟ್ರಾನಿಕ್ ಡಿ2 ಇವೆಲ್ಲ 2 ಕಿಲೋವ್ಯಾಟ್ ಆಸುಪಾಸಿನವು. ಅಗ್ಗದ ಪೆಟ್ಟಿಗೆಗಳ ಮೇಲೆ ಬರೆದ ಕಿಲೋವ್ಯಾಟ್ ನಂಬಬೇಡಿ, ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ನೋಡಿ. ಒಂದು ಲೀಟರ್ ಡೀಸೆಲ್‌ನಲ್ಲಿ ಇರುವುದು ಸುಮಾರು 10 ಕಿಲೋವ್ಯಾಟ್-ಗಂಟೆ ಶಕ್ತಿ. ನಿಜವಾಗಿ 8 ಕಿಲೋವ್ಯಾಟ್ ಕೊಡಬೇಕಾದರೆ ಗಂಟೆಗೆ ಒಂದು ಲೀಟರ್‌ಗೆ ಸ್ವಲ್ಪ ಕಡಿಮೆ ಸುಡಲೇಬೇಕು. ಅರ್ಧ ಲೀಟರೂ ಸುಡದೆ 8 ಎಂದು ಬರೆದುಕೊಂಡಿದ್ದರೆ ಅದು ಬರೀ ಸ್ಟಿಕ್ಕರ್. 2 ಕಿಲೋವ್ಯಾಟಿನದು ಜೋರಾಗಿ ಓಡಿದರೆ ಗಂಟೆಗೆ ಕಾಲು ಲೀಟರ್ ಆಸುಪಾಸು, ನಿಧಾನಕ್ಕೆ ಓಡಿದರೆ 0.1 ಲೀಟರ್.

ಇನ್ನು ಹೊಗೆ ಕೊಳವೆ. ಎಲ್ಲರೂ ಹೀಟರ್ ಎಲ್ಲಿ ಹಿಡಿಸುತ್ತದೆ ಎಂದು ನೋಡಿ ಅಲ್ಲಿ ಕೂರಿಸುತ್ತಾರೆ, ಆಮೇಲೆ ಹೊಗೆಗೆ ದಾರಿ ಹುಡುಕುತ್ತಾರೆ. ಇದು ತಿರುಗುಮುರುಗು. ದೋಣಿಯ ಒಡಲಿನಲ್ಲಿ ತೂತು ಎಲ್ಲಿ ಬರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಹೀಟರಿನ ಜಾಗ ತಾನಾಗಿ ಗೊತ್ತಾಗುತ್ತದೆ. ಪಕ್ಕದಲ್ಲಿ ತೂತು ಮಾಡಿದರೆ ದೋಣಿ ಆ ಕಡೆಗೆ ವಾಲಿದಾಗ ಅದು ನೀರಿಗೆ ಹತ್ತಿರ ಬರುತ್ತದೆ. ಹಿಂಬದಿಯಲ್ಲಿ ಮಾಡಿದರೆ ಅಲೆ ಹಿಂದಿನಿಂದ ಬಡಿಯಬಹುದು, ಹಾಯಿ ಹಾಕಿ ಹೋಗುವಾಗ ಹೊಗೆ ಸುರುಳಿ ಸುತ್ತಿ ಕಾಕ್‌ಪಿಟ್‌ಗೇ, ಅಂದರೆ ನೀವು ಕೂತು ದೋಣಿ ನಡೆಸುವ ತೆರೆದ ಜಾಗಕ್ಕೇ, ವಾಪಸ್ ಬರಬಹುದು. ನನ್ನ ಆಯ್ಕೆ ಹಿಂಬದಿಯ ಮೇಲ್ಭಾಗ, ಒಂದು ಮೂಲೆಗೆ. ಲಂಗರು ಹಾಕಿದ ದೋಣಿ ಮೂತಿಯನ್ನು ಗಾಳಿಗೆ ಕೊಟ್ಟು ನಿಲ್ಲುತ್ತದೆ, ಹೀಟರ್ ಹೆಚ್ಚು ಓಡುವುದೂ ಆಗಲೇ, ಹೊಗೆ ಹಿಂದಕ್ಕೆ ಹೋಗುತ್ತದೆ. ಕಿಟಕಿ, ಹ್ಯಾಚ್, ಗಾಳಿ ಒಳಗೆ ಬರುವ ವೆಂಟ್ ಇವುಗಳಿಂದ ಮಾತ್ರ ಆದಷ್ಟು ದೂರ ಇರಲಿ.

ಹೊರಗಿನ ತೂತಿಗೆ ಎರಡು ಗೋಡೆಯ ಸ್ಟೇನ್‌ಲೆಸ್ ಸ್ಕಿನ್ ಫಿಟ್ಟಿಂಗ್ (ಒಡಲನ್ನು ದಾಟಿ ಹೊಗೆ ಹೊರಬಿಡುವ ಬಾಯಿ) ಬೇಕು. ನಡುವಿನ ಗಾಳಿಯ ಪದರ ಇಲ್ಲದಿದ್ದರೆ ಬಿಸಿಗೆ ಫೈಬರ್‌ಗ್ಲಾಸ್ ಕಂದು ಬಣ್ಣಕ್ಕೆ ತಿರುಗುತ್ತದೆ. ಒಡಲು ಬಾಲ್ಸಾ (ಹಗುರ ಮರ) ಅಥವಾ ಫೋಮ್ ತುಂಬಿದ್ದಾದರೆ ತೂತಿನ ಸುತ್ತ ಒಂದು ಬೆರಳಗಲ ಒಳಗೆ ತುಂಬಿದ್ದನ್ನು ಕೆರೆದು ತೆಗೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಕೊಳವೆ ಫಿಟ್ಟಿಂಗಿಗೆ ಬರುವ ಮುನ್ನ ಕೊಕ್ಕರೆಯ ಕುತ್ತಿಗೆಯ ಹಾಗೆ ಡೆಕ್ಕಿನ ಕೆಳಗಿನವರೆಗೆ ಏರಿ, ಅಲ್ಲಿಂದ ಹೊರಕ್ಕೆ ಇಳಿಜಾರಾಗಿ ಹೋಗಲಿ. ಅಲೆ ಹೊಡೆದರೂ ನೀರು ಆ ಏರು ಹತ್ತಿ ಹೀಟರಿಗೆ ಬರಬಾರದು.

ಕಿಟ್ಟಿನ ಕೊಳವೆ ಯಾಕೆ ಬೇಡ? ಅದು ತಗಡಿನ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ್ದು. ಬಗ್ಗಿಸಿದರೆ ಅಂಚುಗಳ ಸಂದಿಯಲ್ಲಿ ಹೊಗೆ ಸೋರುತ್ತದೆ. ಟ್ರಕ್ಕಿನ ಕೆಳಗೆ ಬಯಲಲ್ಲಿ ಸೋರಿದರೆ ನಷ್ಟವಿಲ್ಲ, ಆದರೆ ಹೀಟರ್ ಕೂರುವ ನಿಮ್ಮ ಲಾಕರಿನ (ಸಾಮಾನಿಡುವ ಖಾನೆಯ) ಪಕ್ಕದ ಗೋಡೆಯಾಚೆ ಮನುಷ್ಯರು ಮಲಗುತ್ತಾರೆ. ಸೈಲೆನ್ಸರಿಗೂ ಇದೇ ಮಾತು: ಹೊಲಿಗೆ ಸರಿಯಾಗಿ ಮುಚ್ಚಿರುವುದಿಲ್ಲ, ಕೆಲವದರಲ್ಲಿ ನೀರಿಳಿಯಲೆಂದು ತೂತೇ ಇರುತ್ತದೆ. ದೋಣಿಗೆಂದೇ ಮಾಡಿದ, ಗಾಳಿ ಸೋರದ ಸ್ಟೇನ್‌ಲೆಸ್ ಕೊಳವೆ ತನ್ನಿ. ಕೀಲುಗಳಿಗೆ ಸಿಲಿಕೋನ್ ಬಳಿಯಬೇಡಿ, ಎಕ್ಸಾಸ್ಟ್ ಪೇಸ್ಟ್ ಹಚ್ಚಿ ಗಟ್ಟಿ ಕ್ಲಾಂಪ್ ಹಾಕಿ. ಉದ್ದ 2 ಮೀಟರ್ ಒಳಗೆ ಮುಗಿದರೆ ಒಳ್ಳೆಯದು, ಬಾಗುಗಳು ಕಡಿಮೆಯಿರಲಿ, ಕೈಪಿಡಿಯ ಮಿತಿ ಮೀರಬೇಡಿ. ಹೀಟರಿನ ಹತ್ತಿರ ಕೊಳವೆ ನೂರಾರು ಡಿಗ್ರಿ ಕಾಯುತ್ತದೆ, ಆದ್ದರಿಂದ ಪೂರ್ತಿ ಉದ್ದಕ್ಕೂ ಗ್ಲಾಸ್ ಫೈಬರ್ ಸುತ್ತಿ. ಹಗ್ಗ, ಹಾಯಿ, ಗಾಳಿಯ ಟ್ಯೂಬ್ ತುಂಬಿಡುವ ಲಾಕರಾದರೆ ಅದರ ಮುಂದೆ ಒಂದು ಹಲಗೆಯನ್ನೂ ಅಡ್ಡ ಇಡಿ.

ಉರಿಗೆ ಬೇಕಾದ ಗಾಳಿಯ ಕೊಳವೆ ಬೇರೆ, ಬಿಸಿ ಮಾಡುವ ಗಾಳಿ ಬೇರೆ. ಮೊದಲನೆಯದನ್ನು ಹೊರಗಿನಿಂದಲೇ, ಅಥವಾ ಹೊರಗೆ ಚೆನ್ನಾಗಿ ತೆರೆದಿರುವ ಲಾಕರಿನಿಂದ ಎಳೆಯಿರಿ, ಕ್ಯಾಬಿನ್ನಿನಿಂದ ಬೇಡ. ಎರಡನೆಯದನ್ನು ಕ್ಯಾಬಿನ್ನಿನಿಂದಲೇ ತೆಗೆದುಕೊಂಡರೆ ಬೇಗ ಬೆಚ್ಚಗಾಗುತ್ತದೆ, ಹೊರಗಿನಿಂದ ತೆಗೆದುಕೊಂಡರೆ ತೇವ ಹೋಗುತ್ತದೆ. ಇಂಜಿನ್ ಕೋಣೆಯಿಂದ ಮಾತ್ರ ಯಾವ ಕಾರಣಕ್ಕೂ ಎಳೆಯಬಾರದು.

ವಿದ್ಯುತ್ತಿನಲ್ಲಿ ಎಡವುವವರೇ ಹೆಚ್ಚು. ಶುರುವಾಗುವಾಗ ಗ್ಲೋ ಪ್ಲಗ್ (ಕೆಂಪಗೆ ಕಾದು ಡೀಸೆಲ್‌ಗೆ ಉರಿ ಹಚ್ಚುವ ಭಾಗ) ಒಂದೆರಡು ನಿಮಿಷ 8ರಿಂದ 10 ಆಂಪಿಯರ್ ಎಳೆಯುತ್ತದೆ, ಆಮೇಲೆ 1ರಿಂದ 3 ಆಂಪಿಯರ್ ಅಷ್ಟೇ. ಬ್ಯಾಟರಿ 4 ಮೀಟರ್ ದೂರ ಎಂದುಕೊಳ್ಳಿ, ಹೋಗಿ ಬರುವ ತಂತಿ 8 ಮೀಟರ್. 2.5 ಚದರ ಮಿಲಿಮೀಟರ್ ತಂತಿಯಲ್ಲಿ 10 ಆಂಪಿಯರ್‌ಗೆ ಅರ್ಧ ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಹೋಗುತ್ತದೆ, 6 ಚದರ ಮಿಲಿಮೀಟರಿನಲ್ಲಿ ಕಾಲು ವೋಲ್ಟಿಗಿಂತ ಕಡಿಮೆ. ಹೀಟರ್ ಸುಮಾರು 10.5 ವೋಲ್ಟಿಗೆ ಬಂದಾಗ ತಾನೇ ನಿಂತುಬಿಡುತ್ತದೆ. ಬೆಳಗಿನ ಚಳಿಗೆ ಅರೆ ಖಾಲಿಯಾದ ಬ್ಯಾಟರಿ, ಸಣ್ಣ ತಂತಿ, ತುಕ್ಕು ಹಿಡಿದ ಟರ್ಮಿನಲ್ ಮೂರೂ ಸೇರಿದರೆ ಹೀಟರ್ ಎರಡು ಸಲ ಪ್ರಯತ್ನಿಸಿ ದೋಷದ ಕೋಡ್ ತೋರಿಸಿ ಸುಮ್ಮನಾಗುತ್ತದೆ. ಹೀಟರೇ ಕೆಟ್ಟಿದೆ ಎಂದು ಬಿಚ್ಚುವ ಮೊದಲು ಗ್ಲೋ ಆಗುತ್ತಿರುವಾಗ ಹೀಟರಿನ ಕನೆಕ್ಟರಿನಲ್ಲೇ ವೋಲ್ಟೇಜ್ ಅಳೆಯಿರಿ, ಬ್ಯಾಟರಿಯ ಹತ್ತಿರ ಅಳೆದರೆ ಏನೂ ತಿಳಿಯುವುದಿಲ್ಲ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲಿರಲಿ, ಅಳತೆ ಕೈಪಿಡಿ ಹೇಳಿದಷ್ಟು. ದಾರಿಯಲ್ಲಿ ಮುಖ್ಯ ಸ್ವಿಚ್ ಇದ್ದರೆ ಅದನ್ನು ತಟ್ಟಿ ಹೀಟರ್ ಆರಿಸುವ ಅಭ್ಯಾಸ ಬೇಡ: ಆಫ್ ಮಾಡಿದ ಮೇಲೂ ಫ್ಯಾನ್ ಕೆಲವು ನಿಮಿಷ ಓಡಿ ಒಳಗಿನ ಬಿಸಿ ತೆಗೆಯಬೇಕು.

ಇಂಧನ: ಮುಖ್ಯ ಟ್ಯಾಂಕಿಗೆ ಪ್ರತ್ಯೇಕ ಹೀರು ಕೊಳವೆ ಹಾಕಿ, ಅದರ ತುದಿ ತಳದಿಂದ ಮೂರ್ನಾಲ್ಕು ಸೆಂಟಿಮೀಟರ್ ಮೇಲೆ ನಿಲ್ಲಲಿ. ತಳದ ನೀರು, ಕೆಸರು ಬರುವುದಿಲ್ಲ. ಇಂಜಿನ್ನಿನ ಹೀರು ಕೊಳವೆ ಇದಕ್ಕಿಂತ ಕೆಳಗೆ ಇದ್ದರೆ ಹೀಟರ್ ರಾತ್ರಿಯೆಲ್ಲಾ ಕುಡಿದರೂ ಇಂಜಿನ್ನಿಗೆ ಸ್ವಲ್ಪ ಉಳಿಯುತ್ತದೆ. ಇಂಜಿನ್ನಿನ ಪೈಪಿಗೆ ಟಿ ಹಾಕುವುದು ಸುಲಭ, ಆದರೆ ಎರಡೂ ಒಟ್ಟಿಗೆ ಓಡಿದರೆ ಒಂದು ಮತ್ತೊಂದರ ಪೈಪಿನಿಂದ ಇಂಧನ ಅಥವಾ ಗಾಳಿ ಎಳೆದುಕೊಳ್ಳಬಹುದು. ಇಂಧನದ ಪೈಪ್ ಗಟ್ಟಿಯದಾಗಿರಲಿ, ಅದರ ಒಳವ್ಯಾಸ 2 ಮಿಲಿಮೀಟರ್ ಇರಲಿ. ಅಗಲದ ಮೆತ್ತನೆ ರಬ್ಬರಿನಲ್ಲಿ ಗಾಳಿಗುಳ್ಳೆ ನಿಂತು ಉರಿ ಏರಿಳಿಯುತ್ತದೆ. ಎರಡು ಪೈಪ್ ಸೇರುವಲ್ಲಿ ರಬ್ಬರ್ ತೋಳಿನೊಳಗೆ ಎರಡರ ಬಾಯಿಯೂ ಒಂದಕ್ಕೊಂದು ತಾಗಿರಬೇಕು, ನಡುವೆ ಖಾಲಿ ಜಾಗ ಬಿಟ್ಟರೆ ಗುಳ್ಳೆಗೆ ಮನೆ ಮಾಡಿಕೊಟ್ಟ ಹಾಗೆ. ಪಂಪ್ ಟ್ಯಾಂಕಿಗೆ ಹತ್ತಿರ, ಹೊರಬಾಯಿ ಮೇಲ್ಮುಖವಾಗಿ ಕನಿಷ್ಠ 15 ಡಿಗ್ರಿ ಓರೆಯಲ್ಲಿರಲಿ, ಅದರ ಮುಂಚೆ ಫಿಲ್ಟರ್. ರಬ್ಬರ್ ಕ್ಲಿಪ್ಪಿನಲ್ಲಿ ನೇತುಹಾಕದಿದ್ದರೆ ಅದರ ಟಿಕ್ ಟಿಕ್ ಬಂಕಿನಲ್ಲಿ ಮಲಗಿದವರ ಕಿವಿಗೇ ಹೊಡೆಯುತ್ತದೆ.

ಬಿಸಿಗಾಳಿ ಡಕ್ಟು 2 ಕಿಲೋವ್ಯಾಟಿಗೆ 60 ಮಿಲಿಮೀಟರ್. ಹೀಟರಿನ ಹತ್ತಿರ ಪ್ಲಾಸ್ಟಿಕ್ ಟಿ ಬೇಡ, ಬಿಸಿಗೆ ಸೊಟ್ಟಗಾಗುತ್ತದೆ. ಲಾಕರಿನೊಳಗಿನ ಉದ್ದಕ್ಕೆಲ್ಲಾ ಶಾಖ ನಿರೋಧಕ ಸುತ್ತಿ, ಇಲ್ಲದಿದ್ದರೆ ಬಿಸಿ ಅಲ್ಲೇ ಖರ್ಚಾಗುತ್ತದೆ. ಎರಡು ಬಾಯಿ ಇಟ್ಟರೆ ಒಂದು ಮುಚ್ಚಲಾಗದ್ದು ಇರಲಿ, ಎರಡೂ ಮುಚ್ಚಿದರೆ ಹೀಟರ್ ಅತಿ ಕಾದು ನಿಂತುಬಿಡುತ್ತದೆ.

ಮೊದಲ ಸಲ ಓಡಿಸುವಾಗ ಸುತ್ತಿದ ಹೊದಿಕೆ ಕಾದು ಸ್ವಲ್ಪ ಹೊಗೆಯಾಡುತ್ತದೆ, ಅದು ಸಹಜ. ಆದ್ದರಿಂದ ಮೊದಲ ಓಟ ಎಲ್ಲ ಹ್ಯಾಚ್ ತೆರೆದು ಮಾಡಿ. ಆ ವಾಸನೆ ಹೋದ ಮೇಲೆ ಲಾಕರಿನೊಳಗೆ ಕಾರ್ಬನ್ ಮಾನಾಕ್ಸೈಡ್ (ಹೊಗೆಯಲ್ಲಿರುವ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಇಟ್ಟು ಅರ್ಧ ಗಂಟೆ ಜೋರಾಗಿ ಓಡಿಸಿ, ಆಮೇಲೆ ಟಾರ್ಚ್ ಹಿಡಿದು ಪ್ರತಿ ಕೀಲಿನಲ್ಲಿ ಕಪ್ಪು ಗೆರೆ ಮೂಡಿದೆಯೇ ನೋಡಿ. ಅಲಾರಂ ದೋಣಿಗಳಿಗೂ ಅನ್ವಯಿಸುವ ಇಎನ್ 50291-2 ಮಾನಕದ್ದಾಗಿರಲಿ, ಕೊನೆಗೆ ಅದು ಮಲಗುವ ಜಾಗದಲ್ಲಿ ಕಾಯಂ ಆಗಿ ಇರಬೇಕು. ಶುರುವಿನಲ್ಲಿ ಬಿಳಿ ಹೊಗೆ ಬಂದರೆ ಉರಿಯದ ಡೀಸೆಲ್, ಒಂದೆರಡು ನಿಮಿಷದಲ್ಲಿ ಹೋಗಬೇಕು. ಕಪ್ಪು ಹೊಗೆ ಬರುತ್ತಲೇ ಇದ್ದರೆ ಗಾಳಿ ಸಾಲದು, ಗಾಳಿಯ ಕೊಳವೆ ಮಡಚಿಕೊಂಡಿದೆಯೇ ನೋಡಿ. ವಾರಕ್ಕೊಮ್ಮೆ 20 ನಿಮಿಷ ಪೂರ್ತಿ ಜೋರಿನಲ್ಲಿ ಓಡಿಸಿ ಮಸಿ ಸುಡಿ, ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಓಡಿಸಿ. ಬಿಡಿ ಭಾಗಗಳಲ್ಲಿ ಗ್ಲೋ ಪ್ಲಗ್, ಅದರ ಸುತ್ತಲ ಜಾಲರಿ, ತಳದ ಗ್ಯಾಸ್ಕೆಟ್ ಇಟ್ಟುಕೊಂಡರೆ ಸಾಕು. ಹೀಟರ್ ಕೂರಿಸುವಾಗ ಗ್ಲೋ ಪ್ಲಗ್ ಮುಂದೆ ಸ್ಪ್ಯಾನರ್ ತಿರುಗುವಷ್ಟು ಜಾಗ ಬಿಡಿ, ಇಲ್ಲದಿದ್ದರೆ ಆ ಜಾಲರಿ ಬದಲಿಸಲು ಇಡೀ ಹೀಟರನ್ನೇ ಕಳಚಬೇಕಾಗುತ್ತದೆ.