1979ರ 'ಸೇಲಮ್ಸ್ ಲಾಟ್' ಈಗ ನೋಡಿದರೂ ಹೆದರಿಕೆ ಆಗುತ್ತಾ?

ಖಂಡಿತ ಆಗುತ್ತದೆ. ಹೋದ ವಾರ ಮತ್ತೆ ನೋಡಿದೆ.

ಸ್ಟೀಫನ್ ಕಿಂಗ್ ಅವರ ಇದೇ ಹೆಸರಿನ 1975ರ ರಕ್ತಪಿಶಾಚಿ ಕಾದಂಬರಿಯನ್ನು ಅಮೆರಿಕದ ಸಿಬಿಎಸ್ ಚಾನೆಲ್‌ಗಾಗಿ ಟೋಬಿ ಹೂಪರ್ ಎರಡು ಕಂತುಗಳಲ್ಲಿ ತೆರೆಗೆ ತಂದರು. ಟಿವಿ ಆದ್ದರಿಂದ ರಕ್ತ ಜಾಸ್ತಿ ತೋರಿಸುವ ಹಾಗಿರಲಿಲ್ಲ. ಅದೇ ಒಳ್ಳೆಯದಾಯಿತು.

ಆ ಕಿಟಕಿಯ ದೃಶ್ಯವನ್ನೇ ನೋಡಿ. ಕಾಣೆಯಾಗಿದ್ದ ಪುಟ್ಟ ಹುಡುಗ ರಾಲ್ಫಿ ರಕ್ತಪಿಶಾಚಿಯಾಗಿ ರಾತ್ರಿ ಮಂಜಿನಲ್ಲಿ ತೇಲುತ್ತಾ ಅಣ್ಣನ ಕಿಟಕಿಗೆ ಬರುತ್ತಾನೆ. ಮುಖದಲ್ಲಿ ನಗು. ಉಗುರಿನಿಂದ ಗಾಜು ಕೆರೆಯುತ್ತಾನೆ. ಅಣ್ಣ ಎದ್ದು ಹೋಗಿ ಕಿಟಕಿ ತೆಗೆದೇ ಬಿಡುತ್ತಾನೆ! ಹುಡುಗನನ್ನು ತಂತಿಯಲ್ಲಿ ನೇತುಹಾಕದೆ ಕ್ರೇನಿನ ತೋಳಿಗೆ ಕಟ್ಟಿದ್ದರು. ದೃಶ್ಯವನ್ನು ಹಿಮ್ಮುಖವಾಗಿ ಶೂಟ್ ಮಾಡಿ ತಿರುಗಿಸಿ ತೋರಿಸಿದ್ದರಿಂದ ಮಂಜಿನ ಚಲನೆಯೇ ವಿಚಿತ್ರ. ಏನೋ ಸರಿಯಿಲ್ಲ ಅಂತ ಮನಸ್ಸಿಗೆ ತಟ್ಟುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ.

ಕಾದಂಬರಿಯ ರಕ್ತಪಿಶಾಚಿ ಬಾರ್ಲೋ ನಯವಾಗಿ ಮಾತಾಡುತ್ತಾನೆ. ಇಲ್ಲಿ ಅವನಿಗೆ ಮಾತೇ ಇಲ್ಲ. ನೀಲಿ ಮುಖ, ಇಲಿಯಂಥ ಹಲ್ಲು, 1922ರ ಮೂಕಿ ರಕ್ತಪಿಶಾಚಿ ಚಿತ್ರ 'ನೊಸ್ಫೆರಾಟು' ನೆನಪಾಗುತ್ತದೆ. ಅವನ ಪರವಾಗಿ ಮಾತೆಲ್ಲ ಆಡುವುದು ಅವನ ಸಹಾಯಕ ಸ್ಟ್ರೇಕರ್ ಪಾತ್ರದ ಜೇಮ್ಸ್ ಮೇಸನ್. ಎಷ್ಟು ತಣ್ಣಗಿನ ಅಭಿನಯ ಅಂತೀರಿ!

ಮೊದಲ ಕಂತು ನಿಧಾನ, ನಿಜ. ಆದರೂ ಕತ್ತರಿಸಿದ ಚಿಕ್ಕ ಆವೃತ್ತಿ ಬೇಡ, ಸುಮಾರು 3 ಗಂಟೆಯ ಪೂರ್ತಿ ಆವೃತ್ತಿಯನ್ನೇ ನೋಡಿ.