ಎಎಕ್ಸ್211 ಬೇಡ, ಎಎಕ್ಸ್210 ತಗೊಳ್ಳಿ

ನಿಮ್ಮದು ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರ್ ಇರೋ ಲ್ಯಾಪ್‌ಟಾಪ್, ವೈಫೈ ಪದೇ ಪದೇ ಕಟ್ ಆಗ್ತಿದೆ, ಇಂಟೆಲ್ ಎಎಕ್ಸ್211 ವೈಫೈ ಕಾರ್ಡ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಅದನ್ನು ತರಿಸಬೇಡಿ ಸರ್. ನೋಡೋಕೆ 210, 211 ಎರಡೂ ಒಂದೇ ಥರ ಇರುತ್ತವೆ, ಆದರೆ 211 ಸಿಎನ್‌ವಿಐ ಕಾರ್ಡ್. ಅದರ ಅರ್ಧ ಕೆಲಸ ಇಂಟೆಲ್ ಪ್ರೊಸೆಸರ್ ಕಡೆಯ ಚಿಪ್‌ನಲ್ಲೇ ನಡೆಯೋದು, ಹಾಗಾಗಿ ಎಎಂಡಿಯಲ್ಲಿ ಅದು ಕೆಲಸವೇ ಮಾಡಲ್ಲ. ಎಎಕ್ಸ್201 ಕೂಡ ಹಾಗೇ.

ನಿಮಗೆ ಬೇಕಾದ್ದು ಎಎಕ್ಸ್210. ಅದು ಮಾಮೂಲಿ ಪಿಸಿಐಇ ಕಾರ್ಡ್, ಅಂದರೆ ತನ್ನ ಕೆಲಸ ತಾನೇ ಮಾಡುತ್ತೆ, ಎಎಂಡಿಯಲ್ಲೂ ನಡೆಯುತ್ತೆ. ವೈಫೈ 6ಇ ಇದೆ. ಲಿನಕ್ಸ್ ಆದರೆ ಕರ್ನಲ್ (ಅದರ ಮೂಲ ತಿರುಳು) 5.10 ಅಥವಾ ಅದಕ್ಕಿಂತ ಹೊಸದಿರಲಿ.

ಆರ್ಡರ್ ಮಾಡೋ ಮುಂಚೆ ಹಿಂದಿನ ಮುಚ್ಚಳ ಬಿಚ್ಚಿ ನೋಡಿ. ಎಂ.2 2230 (22 ಮಿ.ಮೀ. ಅಗಲ, 30 ಮಿ.ಮೀ. ಉದ್ದ) ಕಾರ್ಡ್ ಒಂದೇ ಸ್ಕ್ರೂನಲ್ಲಿ ಕೂತಿರಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ, ಆಗ ಬದಲಿಸೋಕೆ ಆಗಲ್ಲ.

ಬ್ಯಾಟರಿ ಕನೆಕ್ಟರ್ ಮೊದಲು ತೆಗೆಯಿರಿ. ಆಂಟೆನಾ ವೈರ್‌ಗಳ ತುದಿಯ ಗುಂಡಿ ಸಾಸಿವೆ ಕಾಳಿನಷ್ಟೇ ಇರುತ್ತೆ. ಅದನ್ನು ಕಾರ್ಡಿನ ಕನೆಕ್ಟರ್ ಮೇಲೆ ನೇರವಾಗಿಟ್ಟು ಉಗುರಿಂದ ಒತ್ತಿ, ಟಕ್ ಅನ್ನಬೇಕು. ನಾನು ಮೊದಲ ಸಲ ಓರೆಯಾಗಿ ಒತ್ತಿ ಒಂದು ಗುಂಡಿ ಚಪ್ಪಟೆ ಮಾಡಿಬಿಟ್ಟೆ, ಪಕ್ಕದ ರೂಮಿಗೂ ಸಿಗ್ನಲ್ ಬರ್ತಿರಲಿಲ್ಲ. ನಿಮ್ಮ ಹಳೇ ಕಾರ್ಡಲ್ಲೂ ವೈರ್ ಸಡಿಲವಾಗಿರಬಹುದು, ದುಡ್ಡು ಹಾಕೋ ಮುಂಚೆ ಅದನ್ನೊಮ್ಮೆ ಒತ್ತಿ ನೋಡಿ.