‘ಅರ್ಥ ಆಯ್ತಾ?’ ಅಂದರೆ ‘ಆಯ್ತು’ ಅಂತಾರೆ

ಕೆಲಸದ ಜಾಗದ ಮಾತುಕತೆ: ಓದುಗರ ಪ್ರಶ್ನೆಗಳಿಗೆ ಹಿರಿಯ ನರ್ಸ್ ಒಬ್ಬರ ಉತ್ತರ

ಪ್ರಶ್ನೆ: ಮೇಡಂ, ನನ್ನ ಕೈಕೆಳಗೆ ಏಳು ಜನ ಕೆಲಸ ಮಾಡುತ್ತಾರೆ. ನಾನೊಂದು ಹೇಳಿದರೆ ಅವರೊಂದು ಮಾಡುತ್ತಾರೆ. ಹೇಳಿದ ಮೇಲೆ ‘ಅರ್ಥ ಆಯ್ತಾ?’ ಅಂತ ಕೇಳಿಯೇ ಕಳಿಸುತ್ತೇನೆ. ‘ಆಯ್ತು ಸರ್’ ಅಂತಾರೆ. ಸಂಜೆ ನೋಡಿದರೆ ಬೇರೇನೋ ಆಗಿರುತ್ತದೆ. ಇನ್ನೂ ಎಷ್ಟು ಬಿಡಿಸಿ ಹೇಳಬೇಕು?

ಉತ್ತರ: ಮೊದಲು ಆ ‘ಅರ್ಥ ಆಯ್ತಾ?’ ಅನ್ನೋದನ್ನು ಬಿಟ್ಟುಬಿಡಿ. ಮೇಲಿನವರು ಎದುರಿಗೆ ನಿಂತು ಹಾಗೆ ಕೇಳಿದರೆ ‘ಇಲ್ಲ’ ಅನ್ನಲು ಯಾರಿಗೆ ಬಾಯಿ ಬರುತ್ತದೆ? ನಿಮ್ಮ ಸಾಹೇಬರು ಕೇಳಿದಾಗ ನೀವೇನು ಹೇಳುತ್ತೀರಿ, ನೆನಪು ಮಾಡಿಕೊಳ್ಳಿ. ಅವರು ಸುಳ್ಳು ಹೇಳುತ್ತಾರೆ ಅಂತಲೂ ಅಲ್ಲ. ಅವರಿಗೆ ಅರ್ಥ ಆಗಿರುತ್ತದೆ. ನೀವು ಅಂದುಕೊಂಡದ್ದಲ್ಲ, ಬೇರೆಯದು.

ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ರಾತ್ರಿ ಪಾಳಿ. ಡಾಕ್ಟರು ಫೋನಿನಲ್ಲಿ ಒಂದು ಇಂಜೆಕ್ಷನ್ ಹೇಳಿದರು. ‘ಫಿಫ್ಟೀನ್’ ಅಂದರು. ನನ್ನ ಕಿವಿಗೆ ಬಿದ್ದದ್ದು ‘ಫಿಫ್ಟಿ’. ಹಾಗೇ ಬರೆದುಕೊಂಡೆ. ಬರೆದದ್ದನ್ನು ಓದಿ ಹೇಳದೆ ಫೋನ್ ಇಡಬಾರದು ಅಂತ ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಅಭ್ಯಾಸ ಮಾಡಿಸಿದ್ದರು. ಓದಿದೆ. ಆ ಕಡೆಯಿಂದ ‘ಅಯ್ಯೋ, ಅಲ್ಲಲ್ಲ! ಒಂದು, ಐದು. ಹದಿನೈದು!’ ಅನ್ನುವ ಕೂಗು ಬಂತು. ಫೋನ್ ಇಟ್ಟ ಮೇಲೂ ನನ್ನ ಕೈ ನಡುಗುತ್ತಿತ್ತು. ಡಾಕ್ಟರು ಸರಿಯಾಗೇ ಹೇಳಿದ್ದರು. ನಾನೂ ಗಮನವಿಟ್ಟೇ ಕೇಳಿದ್ದೆ. ಆದರೂ ಹದಿನೈದು ಐವತ್ತಾಯಿತು. ಬಾಯಿಮಾತಿನ ಆದೇಶವನ್ನು ಬರೆದುಕೊಂಡು ಓದಿ ಹೇಳಬೇಕು, ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಬೇಕು ಅನ್ನುವ ನಿಯಮ ಇಂದು ಎಷ್ಟೋ ಆಸ್ಪತ್ರೆಗಳಲ್ಲಿದೆ. ವಿಮಾನದ ಪೈಲಟ್‌ಗಳೂ ಕಂಟ್ರೋಲ್ ಟವರ್ ಕೊಟ್ಟ ಅನುಮತಿಯನ್ನು ತಿರುಗಿ ಹೇಳುತ್ತಾರೆ. ‘ಆಯ್ತು’ ಅಂದರೆ ಅಲ್ಲಿ ಸಾಲದು.

ಹೇಳುವವರಿಗೆ ತಮ್ಮ ಮಾತು ಯಾಕಿಷ್ಟು ಸ್ಪಷ್ಟ ಅನಿಸುತ್ತದೆ? 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಒಬ್ಬರು ಬೆರಳಿನಿಂದ ಮೇಜಿನ ಮೇಲೆ ಕುಟ್ಟಬೇಕು. ಹಾಡು ಯಾವುದು ಅಂತ ಇನ್ನೊಬ್ಬರು ಹೇಳಬೇಕು. ಅರ್ಧದಷ್ಟು ಹಾಡುಗಳಾದರೂ ಗೊತ್ತಾಗುತ್ತವೆ ಅಂತ ಕುಟ್ಟುವವರು ನಂಬಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರಕ್ಕೆ! ಕುಟ್ಟುವವರ ತಲೆಯೊಳಗೆ ಇಡೀ ಹಾಡು ನಡೆಯುತ್ತಿರುತ್ತದೆ. ಎದುರಿನವರಿಗೆ ಕೇಳಿಸುವುದು ಬರೀ ಟಕ್ ಟಕ್. ನೀವು ‘ಆ ಫೈಲ್ ಬೇಗ ಮುಗಿಸಿ’ ಅನ್ನುವಾಗಲೂ ಅಷ್ಟೇ. ಯಾವ ಫೈಲ್, ಯಾರಿಗೆ, ಯಾಕೆ ಅನ್ನುವುದೆಲ್ಲ ನಿಮ್ಮ ತಲೆಯಲ್ಲೇ ಉಳಿದಿರುತ್ತದೆ. ‘ಬೇಗ’ ಅಂದರೆ ನಿಮಗೆ ಮಧ್ಯಾಹ್ನ, ಅವರಿಗೆ ನಾಳೆ.

ಹಾಗಾಗಿ ನಾಳೆಯಿಂದ ಹೀಗೆ ಕೇಳಿ ನೋಡಿ: ‘ನಾನು ಹೇಳೋದ್ರಲ್ಲಿ ಏನಾದ್ರೂ ಬಿಟ್ಟೆನಾ ಗೊತ್ತಾಗಬೇಕು. ನೀವು ಮೊದಲು ಏನು ಮಾಡ್ತೀರಿ, ಎಷ್ಟು ಗಂಟೆಗೆ ನನಗೆ ಕೊಡ್ತೀರಿ, ಒಂದ್ಸಲ ಹೇಳಿ.’ ಪಾಠ ಒಪ್ಪಿಸಿ ಅನ್ನುವ ಧ್ವನಿ ಬೇಡ. ಪರೀಕ್ಷೆ ನಿಮ್ಮ ಮಾತಿಗೆ, ಅವರಿಗಲ್ಲ ಅನ್ನುವುದು ಅವರಿಗೆ ತಿಳಿಯಬೇಕು. ತಪ್ಪು ಹೇಳಿದರೆ ದಯವಿಟ್ಟು ಗದರಬೇಡಿ. ಆ ತಪ್ಪು ಸಂಜೆಯ ಬದಲು ಬೆಳಿಗ್ಗೆಯೇ ಸಿಕ್ಕಿದೆ, ಅಲ್ವಾ? ಒಂದು ಸಲ ಗದರಿದರೆ ಮುಗಿಯಿತು, ಮತ್ತೆ ಅದೇ ‘ಆಯ್ತು ಸರ್’ಗೆ ಬಂದು ನಿಲ್ಲುತ್ತೀರಿ.

ಪ್ರಶ್ನೆ: ನನ್ನ ಸಹೋದ್ಯೋಗಿ ಮೆಸೇಜ್‌ಗೆ ‘ಸರಿ.’ ಅಂತ ಒಂದೇ ಪದ ಬರೆಯುತ್ತಾರೆ. ಸಿಟ್ಟು ಬಂದಿದೆಯಾ ಅಂತ ದಿನವಿಡೀ ತಲೆ ಕೆಡಿಸಿಕೊಳ್ಳುತ್ತೇನೆ.

ಉತ್ತರ: ಆ ಪದದಲ್ಲಿ ಧ್ವನಿಯೂ ಇಲ್ಲ, ಮುಖವೂ ಇಲ್ಲ. ಎರಡನ್ನೂ ನೀವೇ ಸೇರಿಸಿ ಓದುತ್ತಿದ್ದೀರಿ. ಎದ್ದು ಹೋಗಿ ಕೇಳಿ, ದೂರ ಇದ್ದರೆ ಫೋನ್ ಮಾಡಿ. ಒಂದು ವಿಷಯ ಎರಡು ಮೆಸೇಜಿನಲ್ಲಿ ಬಗೆಹರಿಯದಿದ್ದರೆ ನಾನು ಮೂರನೆಯದನ್ನು ಬರೆಯುವುದೇ ಇಲ್ಲ.

ಪ್ರಶ್ನೆ: ನಾನು ಹೊಸಬಳು. ಮೀಟಿಂಗ್‌ನಲ್ಲಿ ಹಿರಿಯರು ತಪ್ಪು ಲೆಕ್ಕ ಹೇಳಿದ್ದು ಗೊತ್ತಾದರೂ ಬಾಯಿ ಬರುವುದಿಲ್ಲ. ಮೆಲ್ಲಗೆ ‘ಅದು ಸರಿ ಇದೆಯಾ ಸರ್?’ ಅಂದರೆ ‘ಇದೆ ಇದೆ’ ಅಂತ ಮುಂದೆ ಹೋಗುತ್ತಾರೆ.

ಉತ್ತರ: ಮೆಲ್ಲಗಾದರೂ ಕೇಳಿದ್ದೀರಲ್ಲ, ಅದು ದೊಡ್ಡದು. ಆದರೆ ಪ್ರಶ್ನೆಯ ರೂಪದಲ್ಲಿ ಹೇಳಿದ ಅನುಮಾನವನ್ನು ತಳ್ಳಿಹಾಕುವುದು ತುಂಬಾ ಸುಲಭ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಒಂದು ವಿಮಾನ ಮೇಲೇರಲು ಓಡತೊಡಗಿತ್ತು. ಅದರ ಫ್ಲೈಟ್ ಎಂಜಿನಿಯರ್ ರೇಡಿಯೋ ಮಾತು ಕೇಳಿಸಿಕೊಂಡು, ಇನ್ನೊಂದು ವಿಮಾನ ರನ್‌ವೇಯಿಂದ ಸರಿದಿಲ್ಲವಾ ಅಂತ ಕೇಳಿದರು. ಸರಿದಿದೆ ಅಂತ ಕ್ಯಾಪ್ಟನ್ ಒತ್ತಿ ಹೇಳಿದರು. ಅಲ್ಲಿಗೆ ಮಾತು ನಿಂತಿತು. ಕೆಲವೇ ಕ್ಷಣಗಳಲ್ಲಿ ಎರಡೂ ವಿಮಾನಗಳು ಡಿಕ್ಕಿಯಾದವು. 583 ಜನ ಸತ್ತರು. ಕಾರಣಗಳು ಇನ್ನೂ ಹಲವಿದ್ದವು. ಆದರೆ ಆ ಕಾಲದ ಇಂಥ ಅಪಘಾತಗಳ ನಂತರವೇ ಕಿರಿಯರು ಹೇಗೆ ಹೇಳಬೇಕು, ಹಿರಿಯರು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದನ್ನು ಪೈಲಟ್‌ಗಳಿಗೆ ತರಬೇತಿಯಲ್ಲೇ ಕಲಿಸಲು ಶುರು ಮಾಡಿದರು.

ನಮ್ಮ ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ನಾನು ಕಲಿಸುತ್ತಿದ್ದದ್ದು ಹೀಗೆ: ಕಂಡದ್ದು, ನಿನ್ನ ಆತಂಕ, ಆಗಬೇಕಾದದ್ದು. ‘ಬಿಪಿ 80ಕ್ಕೆ ಇಳಿದಿದೆ. ನನಗೆ ಆತಂಕ ಆಗ್ತಿದೆ. ನೀವು ಈಗಲೇ ಬಂದು ನೋಡಬೇಕು ಡಾಕ್ಟರ್.’ ಇದರಲ್ಲಿ ಒರಟುತನ ಏನೂ ಇಲ್ಲ. ನೀವೂ ಹಾಗೇ ಹೇಳಿ: ‘ಸರ್, ಮೂರನೇ ಸಾಲಿನ ಮೊತ್ತ ಎರಡು ಸಲ ಸೇರಿದೆ. ಹೀಗೇ ಹೋದರೆ ವರದಿ ತಪ್ಪಾಗುತ್ತದೆ. ಕಳಿಸುವ ಮುಂಚೆ ಒಂದ್ಸಲ ಒಟ್ಟಿಗೆ ನೋಡೋಣ.’ ಅವರು ‘ಆಮೇಲೆ ನೋಡೋಣ’ ಅಂದರೆ, ‘ಎಷ್ಟು ಗಂಟೆಗೆ ಬರಲಿ ಸರ್?’ ಅಂತ ಕೇಳಿ.